ಸುಭದ್ರಾಬಾಯಿ ಓದಿದ ‘ನಾನು’

ಮಾದನಹಿಪ್ಪರಗಾದ ಸುಭದ್ರಾಬಾಯಿಗೆ ಓದುವ ಹುಚ್ಚು. ಒಬ್ಬಳೇ ಓದಿ ಸುಮ್ಮನಾಗುವ ಹುಚ್ಚಲ್ಲ, ನಾಲ್ಕು ಮಂದಿಗೆ ಕೇಳಿಸದಿದ್ದರೆ ಉಂಡದ್ದು ಅರಗದು ಎನ್ನುವ ಹುಚ್ಚು. ಗಂಡ ದೌಲತರಾಯ ಅಫಜಲಪುರದಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಊರಿಗೆ ಬರುವಾಗ ಅಲ್ಲಿನ ಲೈಬ್ರರಿಯಿಂದ ಒಂದು ಕಾದಂಬರಿ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಮಧ್ಯಾಹ್ನ ಓಣಿಯ ಹೆಂಗಸರು ಆಕೆಯ ಪಡಸಾಲೆಯಲ್ಲಿ ಹಳೆ ಸೀರೆ ಹರವಿ ಕೌದಿ ಹೊಲಿಯಲು ಕೂತರೆ, ಈಕೆ ಗೋಡೆಗೆ ಒರಗಿ ಪುಸ್ತಕ ಬಿಚ್ಚುತ್ತಿದ್ದಳು.

ಓದುವ ರೀತಿಯಲ್ಲೇ ಇತ್ತು ನೋಡಿ ಆಕೆಯ ಕರಾಮತ್ತು. ಪುಸ್ತಕದ ಮೈಸೂರು ಕಡೆಯ ಮಾತು ನಾಲಿಗೆಗೆ ಬರುವಷ್ಟರಲ್ಲಿ ಹಿಪ್ಪರಗಾದ ಮಾತಾಗಿರುತ್ತಿತ್ತು. ಅಳುವಲ್ಲಿ ಅಳು, ಕೆಮ್ಮುವಲ್ಲಿ ಕೆಮ್ಮು. ಕೇಳುವವರು ಸೂಜಿ ಚುಚ್ಚಿಕೊಂಡು ಬೆರಳು ಚೀಪಿದ್ದು ಎಷ್ಟು ಸಲವೋ.

ಎಂಬತ್ಮೂರರ ಬೇಸಿಗೆಯಲ್ಲಿ ಬಂದ ಕಾದಂಬರಿಯಂತೂ ಎಲ್ಲರ ತಲೆ ಕೆಡಿಸಿತು. ಗಂಡನಿಗೆ ಕ್ಷಯ. ಮಗಳ ಮದುವೆ ಕೆಟ್ಟೀತೆಂದು ಹೆಂಡತಿ ಅವನನ್ನು ದೂರದ ಆಸ್ಪತ್ರೆಗೆ ಸೇರಿಸಿ, ನೌಕರಿ ಮೇಲೆ ಹೋಗಿದ್ದಾರೆ ಎಂದು ಊರಿಗೆಲ್ಲ ಸುಳ್ಳು ಹೇಳುತ್ತಾಳೆ. ಬರೆದವರು ಇದನ್ನು ಆ ಹೆಂಡತಿಯ ಬಾಯಿಂದಲೇ ಹೇಳಿಸಿದ್ದರು. ಅದೂ ಮೊದಲಿನಿಂದಲ್ಲ, ಗುಟ್ಟು ರಟ್ಟಾದ ದಿನದಿಂದ ಹಿಂದಕ್ಕೆ ಹಿಂದಕ್ಕೆ. “ಇದೇನ್ ಬೇ, ತುದಿ ಮೊದಲ ಬಂತು?” ಎಂದು ಪಕ್ಕದ ಮನೆಯ ಭಾಗಮ್ಮ ತಕರಾರು ತೆಗೆದಳು. ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತವಳೂ ಅವಳೇ.

ಅದೇ ದಿನ ಅಂದೋಲಾದಿಂದ ಭಾಗಮ್ಮನ ಅಕ್ಕ ಗುರಮ್ಮ ಬಂದಿದ್ದಳು. ಹೊಲಿಯುವವರ ಸಾಲಿನ ಹಿಂದೆ, ಬಾಗಿಲ ಬಳಿ ಕೂತಳು. ಸುಭದ್ರಾಬಾಯಿಯ ಮಡಿಲಲ್ಲಿದ್ದ ಪುಸ್ತಕ ಅವಳಿಗೆ ಕಾಣಲಿಲ್ಲ. ಕಿವಿಗೆ ಬಿದ್ದದ್ದು ಇಷ್ಟು: “ನಮ್ಮವರಿಗೆ ಟೀಬಿ ಆಗ್ಯಾದ ಅಂತ ನಾ ಯಾರಿಗೂ ಹೇಳಿಲ್ಲ. ಮಗಳ ಮದುವಿ ಆಗೂತನಾ ಹೇಳೂದೂ ಇಲ್ಲ.” ಮಠದಲ್ಲಿ ಪುರಾಣ ಕೇಳಿದವಳು ಗುರಮ್ಮ. ಅಲ್ಲಿ ಓದುವವರು ಶರಣರು ಹಿಂಗಂದರು, ರಾಜ ಹಂಗಂದ ಎಂದು ಯಾರ ಮಾತೆಂಬುದನ್ನು ಹೇಳಿಯೇ ಮುಂದೆ ಹೋಗುತ್ತಾರೆ. ಹೆಸರಿಲ್ಲದೆ ‘ನಾ’ ಎಂದರೆ ಅದು ಹೇಳುವವಳ ಸ್ವಂತ ಸಂಕಟವೇ ಎಂದುಕೊಂಡಳು. ಸುತ್ತ ಕೂತವರೂ ಕಣ್ಣೊರೆಸಿಕೊಂಡದ್ದನ್ನು ಕಂಡ ಮೇಲೆ ಕೇಳುವುದೇನಿದೆ.

ಅದೇ ಅಂದೋಲಾದಲ್ಲಿ ಸುಭದ್ರಾಬಾಯಿಯ ಮಗಳು ಅಂಬುಬಾಯಿಯ ಸಂಬಂಧ ನಿಶ್ಚಯವಾಗಿತ್ತು. ಹುಡುಗ ಗುರಣ್ಣ, ಬಟ್ಟೆ ಅಂಗಡಿಯವನು. ಅಂಬುವಿಗೆ ಅವನು ಮನಸ್ಸಿಗೆ ಬಂದಿದ್ದ. ಗುರಮ್ಮ ಊರಿಗೆ ಮರಳಿ ಕೇಳಿದ್ದನ್ನು ಹೇಳಿದ ವಾರದೊಳಗೆ ಅವನ ತಾಯಿ ಸುಂದರಬಾಯಿ, ಬೀಗರ ಬ್ಯಾನಿ ವಿಚಾರಿಸಬೇಕು ಎಂದು ಹೇಳಿ ಕಳಿಸಿ, ಹಿಂದೆಯೇ ತಾನೂ ಬಂದಿಳಿದಳು. ಕೊಟ್ಟ ನೀರು ಮುಟ್ಟಲಿಲ್ಲ.

“ಬೀಗರು ಎಲ್ಲಿ ಅದಾರ್ರಿ?”

“ಅಫಜಲಪುರದಾಗ್ರಿ, ನೌಕರಿ ಮ್ಯಾಲ.”

ಮಾತು ಬಾಯಿಂದ ಜಾರಿದ ಮೇಲೆ ಸುಭದ್ರಾಬಾಯಿಗೆ ಹೊಳೆಯಿತು. ಕಾದಂಬರಿಯ ಹೆಂಡತಿ ಹೇಳಿದ್ದೂ ಥೇಟ್ ಇದೇ. ಅದು ಕಾದಂಬರಿಯ ಕತೆ ಎನ್ನುತ್ತ ಗಡಿಬಿಡಿಯಲ್ಲಿ ಪುಸ್ತಕ ತಂದು ಬೀಗತಿಯ ಕೈಗೆ ಇಟ್ಟಳು. ಸುಂದರಬಾಯಿ ಅದನ್ನು ಹಿಂದೆ ಮುಂದೆ ತಿರುವಿದಳು.

“ನನಗ ಅಕ್ಷರ ಬರಂಗಿಲ್ರಿ. ಇದರಾಗ ನಿಮ್ಮ ಮನಿ ಕತಿ ಅದನೋ ಊರಿಂದು ಅದನೋ, ನನಗ್ಹ್ಯಾಂಗ ತಿಳೀಬೇಕು?”

ಒಳಬಾಗಿಲಲ್ಲಿ ನಿಂತ ಅಂಬುವಿನ ಮುಖ ಬಿಳಿಚಿಕೊಂಡಿತ್ತು. “ಅವ್ವಾ, ಮುಂದಿಂದು ಓದು,” ಎಂದಳು.

ಓದಿದಳು ತಾಯಿ, ಒಂದೇ ಉಸಿರಿಗೆ. ಅಲ್ಲಿಂದ ಮುಂದೆ ಕತೆ ಹೇಳುವವನು ರೋಗಿಯೇ. ಸುಭದ್ರಾಬಾಯಿ ದನಿ ದಪ್ಪ ಮಾಡಿದಳು. “ನಾ ಹಾಸಿಗ್ಯಾಗ ಬಿದ್ದು ಗಡ್ಡ ಕೆರಕೋತ ಮಾಳಗಿ ನೋಡ್ತಿದ್ನಿ. ಹೆಂಡತಿ ಬರೂ ದಾರಿ ಕಾಯ್ತಿದ್ನಿ.”

ಸುಂದರಬಾಯಿ ಕಣ್ಣು ಕಿರಿದು ಮಾಡಿ ಅವಳ ಗಲ್ಲ ನೋಡಿದಳು. “ನಿಮಗ ಗಡ್ಡ ಯಾವಾಗ ಬಂತ್ರಿ?”

ಮೂಲೆಯಲ್ಲಿ ಹೊಲಿಯುತ್ತ ಕೂತಿದ್ದ ಭಾಗಮ್ಮ ಕೌದಿಯ ಮೇಲೆ ಬಿದ್ದು ನಕ್ಕಳು. ಸುಂದರಬಾಯಿಗೂ ನಗೆ ತಡೆಯಲಿಲ್ಲ. “ಅಂದ್ರ ಆ ನಾನೂ ನೀವಲ್ಲ, ಈ ನಾನೂ ನೀವಲ್ಲ.”

“ಅಲ್ರಿ. ಒಮ್ಮಿ ಹೆಂಡತಿ, ಒಮ್ಮಿ ಗಂಡ. ನಂದು ಬಾಯಿ ಅಷ್ಟ.”

ನೀರು ಕುಡಿದದ್ದಾಯಿತು, ಚಹಾ ಆಯಿತು. ಸುಭದ್ರಾಬಾಯಿ ಪುಸ್ತಕ ಮುಚ್ಚಲು ಹೋದರೆ ಬೀಗತಿ ಬಿಡಬೇಕಲ್ಲ. “ಓದ್ರಿ, ಓದ್ರಿ. ಬಸ್ಸು ಹೋದ್ರ ಹೋಗ್ಲಿ, ಇಲ್ಲೇ ವಸ್ತಿ ಇರ್ತೇನಿ.” ಖುಷಿ ಉಕ್ಕಿ ಸುಭದ್ರಾಬಾಯಿ ಎಂದೂ ಓದದ ಹಾಗೆ ಓದಿದಳು.

“ನನ್ನ ಮ್ಯಾಲಿನ ಪ್ರೀತಿಲೆ ಬ್ಯಾನಿ ಮುಚ್ಚಿಟ್ರು, ಖರೆ. ಆದ್ರ ಹೇಳೂದೋ ಬ್ಯಾಡೋ ಅಂತ ನನ್ನ ಯಾರೂ ಕೇಳಲಿಲ್ಲ.”

“ತಡೀರಿ,” ಎಂದಳು ಸುಂದರಬಾಯಿ. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಗುರಣ್ಣಗ ಮೂರ್ಛಿ ಬರ್ತಾವ್ರಿ. ಸಣ್ಣಾಂವ ಇದ್ದಾಗಿಂದ. ಸೋಲಾಪುರದ ಡಾಕ್ಟರು ಗುಳಗಿ ಕೊಟ್ಟಾರ, ಈಗ ಭಾಳ ಕಮ್ಮಿ ಅದ. ಬೀಗರಿಗೆ ಹೇಳೂಣು ಅಂತ ಅಂವ ಗಂಟು ಬಿದ್ದಿದ್ದ. ನಾನ ಬಾಯಿ ಮುಚ್ಚಸೀನಿ.”

ಸುಭದ್ರಾಬಾಯಿಗೆ ಸಿಟ್ಟು ನೆತ್ತಿಗೇರಿತು. ಇಲ್ಲದ ರೋಗ ಹುಡುಕಿಕೊಂಡು ಬಂದು ನನ್ನ ಮಗಳನ್ನು ತೂಗಿ ನೋಡಿದವಳು ಇವಳೇ ಏನು ಎನಿಸಿತು. ಸಂಬಂಧ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಬು ಮುಂದೆ ಬಂದು ನಿಂತಿದ್ದಳು.

“ಅವರನ್ನ ಕಳಸ್ರಿ. ಅವರ ಬಾಯಿಲೆ ಕೇಳ್ತೇನಿ. ಆಮ್ಯಾಲ ನನ್ನ ಮಾತು ಹೇಳ್ತೇನಿ.”

ಗುರಣ್ಣ ಒಬ್ಬನೇ ಬಂದ. ಸುಭದ್ರಾಬಾಯಿಯ ಎದುರು ಕೂತು, ಅಂಬುವನ್ನು ನೋಡಿಕೊಂಡೇ ಎಲ್ಲ ಹೇಳಿದ. ಮೂರ್ಛೆ ಬರುವ ಮುಂಚೆ ಕಣ್ಣಮುಂದೆ ಹೇಗೆ ಕತ್ತಲೆ ಇಳಿಯುತ್ತದೆ, ಎಚ್ಚರಾದಾಗ ಸುತ್ತಲಿನವರ ಮುಖ ನೋಡಲು ಎಷ್ಟು ನಾಚಿಕೆ, ಗಿರಾಕಿ ಎದುರು ಬಿದ್ದರೇನು ಗತಿ ಎನ್ನುವ ಅಂಜಿಕೆ. ಒಂದೂ ಬಿಡಲಿಲ್ಲ.

“ಗುಳಗಿ ತಪ್ಪಸ್ತೀರೇನು?” ಅಂಬು ಕೇಳಿದಳು.

“ಇಲ್ರಿ.”

“ಹಂಗಾದ್ರ ನನಗ ಒಪ್ಪಿಗಿ ಅದ,” ಎಂದು ತಾಯಿಯ ಕಡೆ ತಿರುಗಿದಳು.

ಸುಭದ್ರಾಬಾಯಿಯ ಕೈಯಲ್ಲಿ ಪುಸ್ತಕವಿರಲಿಲ್ಲ. ಯಾರ್ಯಾರದೋ ನಾಲಿಗೆ ತನ್ನದು ಮಾಡಿಕೊಂಡವಳಿಗೆ ಈಗ ತನ್ನ ದನಿಯೇ ಸಿಗಲೊಲ್ಲದಾಯಿತು. 

“ನನಗ ಅಂಜಿಕಿ ಅದ ಅಂಬೂ,” ಎಂದಳು ಕಡೆಗೆ. “ಅಂಜಿಕೋತ ಒಪ್ಪೇನಿ.”