ಕೀಲೆಣ್ಣೆ ಬಳಿದ ದೋಣಿ

ನಾನು ಚಿಕ್ಕವನಿದ್ದಾಗ ನಮ್ಮ ಸೀಮೆಯಲ್ಲಿ ದೋಣಿ ಕಟ್ಟುವುದು ಅಪರಾಧವೇನೂ ಆಗಿರಲಿಲ್ಲ. ಯಾರೂ ಕಟ್ಟಿರಲಿಲ್ಲ, ಅಷ್ಟೆ. ಶಿಡ್ಲಘಟ್ಟದ ಅಂಗಡಿಗೆ ಟೀ ಪುಡಿ ತುಂಬಿಕೊಂಡು ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳನ್ನು ಬಿಚ್ಚಿ, ನಾನೂ ಅಕ್ಕನೂ ಹಿತ್ತಲಲ್ಲಿ ಒಂದನ್ನು ಕಟ್ಟಿದೆವು. ಮೂಸಿದರೆ ಇನ್ನೂ ಟೀ ವಾಸನೆ.

ಅಪ್ಪ ಅದನ್ನೊಂದು ಸುತ್ತು ಹಾಕಿ ತೀರ್ಪು ಕೊಟ್ಟರು. "ಇವತ್ತು ಹೊತ್ತು ಮುಳುಗೋದ್ರೊಳಗೆ ನಿಮ್ಮಲ್ಲೊಬ್ಬರನ್ನ ಹೊತ್ಕೊಂಡು ತೇಲಿದ್ರೆ ಸರಿ. ಇಲ್ದಿದ್ರೆ ನೀರೊಲೆಗೆ ಹಾಕ್ತೀನಿ. ಒಣ ಹಲಗೆ, ಚೆನ್ನಾಗಿ ಉರೀತೈತೆ."

ಹಲಗೆಗಳ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಗಾಳಿಪಟದಿಂದ ಪುಸ್ತಕದ ರಟ್ಟಿನವರೆಗೆ ಎಲ್ಲವನ್ನೂ ರಾಗಿ ಅಂಟಿನಲ್ಲೇ ಅಂಟಿಸಿ ಬೆಳೆದವರು ನಾವು. ಬಿಸಿಬಿಸಿ ಅಂಟನ್ನು ಸಂದಿಗೆಲ್ಲ ಮೆತ್ತಿ ಬಿಸಿಲಿಗಿಟ್ಟೆವು. ಒಣಗಿ ಕಲ್ಲಿನಂತಾಯಿತು.

ಮಧ್ಯಾಹ್ನ ಕೆರೆಗಿಳಿಸಿ ನಾನು ಹತ್ತಿ ಕೂತೆ. ರಾಗಿಯ ವಾಸನೆಗೆ ಮೊದಲು ಬಂದದ್ದು ಮೀನುಗಳು. ಅವು ತಳವನ್ನು ಟಕಟಕನೆ ಕುಕ್ಕುವುದು ಚಡ್ಡಿಯ ಮೂಲಕವೇ ನನಗೆ ತಿಳಿಯುತ್ತಿತ್ತು. ನೆನೆದು ಮೆತ್ತಗಾದ ಅಂಟು ಅವುಗಳ ಪಾಲಾಯಿತು. ಸೊಂಟದಷ್ಟು ನೀರಿನಲ್ಲಿ ನಾನು ಸಕಲ ಸರ್ಕಾರಿ ಗೌರವಗಳೊಂದಿಗೆ ಮುಳುಗಿದೆ.

ಏರಿಯ ಮೇಲಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೀನಿಗೆಲ್ಲ ಊಟ ಹಾಕ್ಸಿದ್ಯಲ್ಲೋ, ಪುಣ್ಯಾತ್ಮ! ತಗೊಂಡ್ಬಾ ಒಲೆಗೆ."

"ಮುಳುಗಿದ್ದು ದೋಣಿ ಕಣಪ್ಪ," ಅಂದಳು ಅಕ್ಕ. "ಹೊತ್ತಿನ್ನೂ ಮುಳುಗಿಲ್ಲ."

ಅಪ್ಪನ ಗಾಡಿಯ ಅಡಿಯಲ್ಲಿ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಚಕ್ರ ಸಲೀಸಾಗಿ ಉರುಳಲೆಂದು ಹಾಕುವ ಜಿಡ್ಡು ಅದು. ಮುಟ್ಟಿದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಮುಟ್ಟಿದೆವು. ಹಳೇ ಸೀರೆಯ ಚಿಂದಿಯನ್ನು ಅದರಲ್ಲಿ ಅದ್ದಿ, ಕುಡುಗೋಲಿನ ಮೊನೆಯಿಂದ ಸಂದಿಗಳಿಗೆ ತುರುಕಿ, ಉಳಿದದ್ದನ್ನು ತಳಕ್ಕೆಲ್ಲ ಬಳಿದೆವು. ಮೊಣಕೈವರೆಗೂ ಕರ್ರಗಾದೆವು.

ಹೊತ್ತು ಬೆಟ್ಟ ಮುಟ್ಟುವಾಗ ಮತ್ತೆ ಇಳಿಸಿ, ಮತ್ತೆ ಹತ್ತಿದೆ. ಮೀನುಗಳು ಬಂದವು, ಮೂಸಿದವು, ಹೋದವು. ದೋಣಿ ತೇಲಿತು. ಅಪ್ಪ ನೀರೊಲೆಗೆ ಬೇರೆ ಸೌದೆ ಹುಡುಕಲು ಹೋದರು. ಮರುದಿನ ರೇಷ್ಮೆಗೂಡು ಹೇರಿಕೊಂಡು ಶಿಡ್ಲಘಟ್ಟಕ್ಕೆ ಹೊರಟ ಅವರ ಗಾಡಿ, ಜಿಡ್ಡಿಲ್ಲದೆ, ದಾರಿಯುದ್ದಕ್ಕೂ ಕಿರ್ರೋ ಎಂದು ನಮ್ಮ ಗೆಲುವನ್ನು ಸಾರುತ್ತ ಹೋಯಿತು.

ಎರಡು ಸಾವಿರ ಇಸವಿಯ ಆಚೆ ಹುಟ್ಟಿದ ಮೊಮ್ಮಕ್ಕಳೇ, ನಿಮ್ಮ ದೋಣಿಗೆ ಗಾಳಿ ಊದಿದರೆ ಸಾಕು, ಸೋರುವುದೇ ಇಲ್ಲ. ಆದರೆ ತೇಲಿಬಿಡಲು ನಿಮಗಿರುವುದು ಬಚ್ಚಲಿನ ಟಬ್ಬು. ಕೆರೆಯಂಗಳದಲ್ಲಿ ಈಗ ಕ್ರಿಕೆಟ್ ಆಡುತ್ತೀರಿ. ನಮ್ಮ ದೋಣಿ ಇನ್ನೂ ಅಟ್ಟದ ಮೇಲಿದೆ. "ಆ ಕೆರೆ ಇನ್ನೆಲ್ಲಿ ತುಂಬುತ್ತೆ, ಗುಜರಿಗಾದ್ರೂ ಹಾಕಿ" ಎಂದು ನಿಮ್ಮಪ್ಪ ವರ್ಷವೂ ಹೇಳುತ್ತಾನೆ. ನಾನು ವರ್ಷವೂ ಅದನ್ನು ಕೆಳಗಿಳಿಸಿ ಕೀಲೆಣ್ಣೆ ಬಳಿಯುತ್ತೇನೆ. ಹೊತ್ತಿನ್ನೂ ಮುಳುಗಿಲ್ಲ.