ಹೊತ್ತಿಗೆ ಮುಂಚೆ ಬರುತ್ತಿದ್ದ ಉಪಗ್ರಹ

ಆಗ ನನಗೆ ಅರವತ್ತೆಂಟು. ಇದಾಗಿ ಎರಡು ವರ್ಷ. ತುಮಕೂರಿನ ನಮ್ಮ ಮನೆಯ ಮಹಡಿ ಕೋಣೆಯನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಗುಬ್ಬಿ ಕಡೆಯ ರೈತರ ಮನೆಯವಳು. ಅವಳೂ ಅವಳ ವಿದ್ಯಾರ್ಥಿಗಳೂ ಸೇರಿ ಒಂದು ಉಪಗ್ರಹ ಮಾಡಿ ಮೇಲಕ್ಕೆ ಕಳಿಸಿದ್ದರು. ಹಿಟ್ಟಿನ ಡಬ್ಬದಷ್ಟು ಗಾತ್ರ, ಎರಡು ಪಕ್ಕಕ್ಕೂ ರೆಕ್ಕೆ. ಅವಳು ಅದಕ್ಕೆ ಹಚ್ಚಿದ್ದ ಕೆಲಸವೆಂದರೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಫೋಟೋ ತೆಗೆಯುವುದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಂದ ನೀರೆಷ್ಟು ಎಂದು ಅಳೆಯಬಹುದಂತೆ. ಒಂದೇ ಇದ್ದರೆ ಏನೂ ಪ್ರಯೋಜನವಿಲ್ಲ. ಬೇಸಿಗೆಯದು ಬಂದಿತ್ತು.

ಕಾಲೇಜಿಗೆ ರಜೆ ಇದ್ದ ದಿನ ಅವಳು ನಮ್ಮ ತಾರಸಿ ಮೇಲೆ ನಿಂತು, ಹಳೇ ಟಿವಿ ಆಂಟೆನಾದಂಥದ್ದನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಉಪಗ್ರಹ ತಲೆ ಮೇಲೆ ಹಾದುಹೋಗುವ ಹತ್ತು ನಿಮಿಷ ಒಂದು ಪೆಟ್ಟಿಗೆ ಕಿಚಗುಟ್ಟುತ್ತಿತ್ತು. ಅದು ಬರುವ ಹೊತ್ತನ್ನು ವಾರಕ್ಕೊಮ್ಮೆ ಬರೆದು ತಾರಸಿ ಬಾಗಿಲಿಗೆ ಅಂಟಿಸುತ್ತಿದ್ದಳು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಓದುತ್ತೇನೆ.

ಒಂದು ಭಾನುವಾರ ರಾಗಿ ಒಣಹಾಕುತ್ತಿದ್ದೆ. ಅವಳಿನ್ನೂ ಮೆಟ್ಟಿಲು ಹತ್ತುತ್ತಿದ್ದಳು, ಪೆಟ್ಟಿಗೆ ಆಗಲೇ ಕಿಚಗುಟ್ಟಿತು.

"ನಿನ್ ಬಸ್ಸು ಟೈಮಿಗೆ ಮುಂಚೆನೇ ಬಂದ್ಬುಡ್ತು ಕಣೇ" ಎಂದೆ. ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ.

ಅವಳ ಮುಖ ಬಾಡಿತು. "ಬೇಗ ಬಂದ್ರೆ ಬೀಳ್ತಾ ಇದೆ ಅಂತ ಅಜ್ಜಿ."

ಬೀಳುವುದು ಬೇಗ ಹೇಗೆ ಬರುತ್ತದೆ, ಹುಚ್ಚು ಹಿಡಿದಿದೆಯೇ ಎಂದು ಕೇಳಿದೆ. ಅವಳು ರಾಗಿ ಕಣ ನೆನಪಿಸಿದಳು. ಎತ್ತು ತುಳಿಯುತ್ತಾ ಹಗ್ಗ ಕಣದ ನಡುವಿನ ಮೇಟಿ ಕಂಬಕ್ಕೆ ಸುತ್ತಿಕೊಂಡಂತೆಲ್ಲ ಸುತ್ತು ಚಿಕ್ಕದಾಗುತ್ತದೆ, ಬೇಗ ಮುಗಿಯುತ್ತದೆ. ಉಪಗ್ರಹವೂ ಕೆಳಗಿಳಿದಷ್ಟೂ ಅದರ ಸುತ್ತು ಬೇಗ ಮುಗಿಯುತ್ತದಂತೆ. ಇಳಿಸುತ್ತಿರುವವನು ಸೂರ್ಯ. ಹನ್ನೊಂದು ವರ್ಷಕ್ಕೊಂದು ಸಲ ಅವನಿಗೆ ರೇಗುವ ಕಾಲ ಬರುತ್ತದೆ. ಆಗ ಮೇಲಿನ ಗಾಳಿ ಕಾದು ಉಬ್ಬಿ, ಉಪಗ್ರಹ ಓಡಾಡುವ ಎತ್ತರಕ್ಕೂ ಏರುತ್ತದೆ. ಇದ್ದೂ ಇಲ್ಲದಂಥ ತೆಳು ಗಾಳಿ. ಆದರೆ ಆ ವೇಗದಲ್ಲಿ ಓಡುವುದಕ್ಕೆ ಅಷ್ಟೇ ಸಾಕು ಅಡ್ಡ ಬರಲು.

ಮೂರು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಿದ್ದು ಸೂರ್ಯ ತಣ್ಣಗಿದ್ದ ಕಾಲದಲ್ಲಿ. ಆಮೇಲೆ ರಾಕೆಟ್ಟಿನಲ್ಲಿ ಜಾಗ ಸಿಗುವುದು ತಡವಾಯಿತು. ಲೆಕ್ಕವನ್ನು ಯಾರೂ ಮತ್ತೆ ಹಾಕಲಿಲ್ಲ.

"ಹಳೇ ಪಂಚಾಂಗ ನೋಡಿ ಮದ್ವೆ ಗೊತ್ತು ಮಾಡ್ದಂಗಾಯ್ತು" ಎಂದೆ.

"ಹೂಂ ಅಜ್ಜಿ. ಪಂಚಾಂಗ ನೋಡಿದವಳು ನಾನೇ."

ಮಾತಿಗೆ ಹೇಳಿದ್ದಲ್ಲ. ಸೋಮವಾರ ಕಾಲೇಜಿಗೆ ಹೋಗಿ, ಪ್ರಿನ್ಸಿಪಾಲರ ಮುಂದೆ, ವಿದ್ಯಾರ್ಥಿಗಳ ಮುಂದೆ, ತಪ್ಪು ನನ್ನದು ಎಂದು ಹೇಳಿ ಬಂದಳು. ಆ ಲೆಕ್ಕವನ್ನು ಇನ್ನೂ ನಾಲ್ಕು ಜನ ನೋಡಿ ಸರಿ ಅಂದಿದ್ದರಂತೆ. ಅವರ ಸುದ್ದಿಯನ್ನೇ ಇವಳು ಎತ್ತಲಿಲ್ಲ. ಹಾಗೆ ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ. ನಾನೂ ಹೇಳಿದವಳಲ್ಲ.

ಮಳೆ ಮುಗಿಯುವವರೆಗೆ ಅದನ್ನು ಉಳಿಸಬೇಕಿತ್ತು. ಕರೆಂಟಿಗಾಗಿ ರೆಕ್ಕೆಗಳನ್ನು ಬಿಸಿಲಿಗೆ ಅಗಲವಾಗಿ ಒಡ್ಡಿದ್ದರು, ಗಾಳಿಯೂ ಅದಕ್ಕೇ ಬಡಿಯುತ್ತಿತ್ತು. ಎದುರುಗಾಳಿಗೆ ಮೊರವನ್ನು ಅಡ್ಡ ಹಿಡಿದು ನಡೆದರೆ ಹಿಂದಕ್ಕೆ ತಳ್ಳುತ್ತದೆ, ಅಂಚು ಮುಂದೆ ಮಾಡಿದರೆ ಸೀಳಿಕೊಂಡು ಹೋಗಬಹುದು. ಹಾಗೆ ಉಪಗ್ರಹವನ್ನು ಓರೆಯಾಗಿ ತಿರುಗಿಸಿದಳು. ನಾನು ಹೇಳಿಕೊಟ್ಟೆ ಎಂದು ಯಾರೂ ತಿಳಿಯಬೇಡಿ, ನನಗೆ ಗೊತ್ತಾದದ್ದೇ ಆಮೇಲೆ. ಅದರಲ್ಲೂ ಕಷ್ಟವಿತ್ತು. ಓರೆಯಾದರೆ ಬಿಸಿಲು ಕಡಿಮೆ, ಬ್ಯಾಟರಿ ಸತ್ತರೆ ಅವತ್ತೇ ಕಥೆ ಮುಗಿಯಿತು. ಎರಡು ದಿನ ಓರೆ, ಅರ್ಧ ದಿನ ಬಿಸಿಲಿಗೆ, ಹೀಗೆ ನಾಲ್ಕು ತಿಂಗಳು ಅದನ್ನು ಸಾಕಿದಳು. ಬಾಣಂತಿಯನ್ನೂ ಯಾರೂ ಅಷ್ಟು ನೋಡಿಕೊಳ್ಳುವುದಿಲ್ಲ.

ಮಳೆ ನಿಂತಿತು, ಮೋಡ ಹೋಗಲಿಲ್ಲ. ಮೋಡ ಅಡ್ಡ ಇದ್ದರೆ ಫೋಟೋದಲ್ಲಿ ನೀರು ಕಾಣದು. ಉಪಗ್ರಹ ದಿನಾ ಇಳಿಯುತ್ತಿತ್ತು. ಒಂದು ದಿನ ಆಕಾಶ ತಿಳಿಯಾಯಿತು. ಮಧ್ಯಾಹ್ನ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಅಡುಗೆಮನೆಗೇ ಬಂದಳು. ಬೇಸಿಗೆಯ ಫೋಟೋದಲ್ಲಿ ಬೆರಳಷ್ಟಿದ್ದ ನೀರು ಅವತ್ತು ಬಂದ ಫೋಟೋದಲ್ಲಿ ಅಂಗೈ ಬಿಚ್ಚಿದಂತೆ ಹರಡಿತ್ತು. ಒಂದು ಕಡೆ ರಸ್ತೆಯ ಅಂಚಿನವರೆಗೂ ಬಂದಿತ್ತು. ನನ್ನ ತವರು ಆ ಕಡೆಯದೇ, ರಸ್ತೆಯ ಆ ತಿರುವು ನನಗೆ ಗೊತ್ತು.

ಅದಾದ ಐದನೇ ದಿನ ಪೆಟ್ಟಿಗೆ ಕಿಚಗುಟ್ಟಲಿಲ್ಲ. ಅರ್ಧ ಗಂಟೆ ಆಂಟೆನಾ ಎತ್ತಿ ಹಿಡಿದೇ ನಿಂತಿದ್ದಳು. ಆಮೇಲೆ ಇಳಿಸಿ, "ಉರಿದುಹೋಯ್ತು ಅಜ್ಜಿ" ಎಂದಳು. ಅಳಲಿಲ್ಲ.

ಅದು ತೋರಿಸಿದ್ದೆಲ್ಲ ನಿಜ ಎಂದು ಹೇಗೆ ನಂಬುವುದು ಎಂದು ಕೇಳಿದೆ. ಕೇಳಬಾರದಿತ್ತೋ ಏನೋ.

"ಯಾರಾದ್ರೂ ಹೋಗಿ ನೋಡ್ಬೇಕು. ಅಲ್ಲಿಗಂಟ ಅದು ಬರೀ ಫೋಟೋನೇ" ಎಂದಳು. ಅವಳಿಗೆ ಪರೀಕ್ಷೆಯ ಕೆಲಸ, ವಾರವೆಲ್ಲ ಬಿಡುವಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಮೊದಲನೇ ಬಸ್ಸಿಗೇ ಕುಣಿಗಲ್ಲಿಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ. ಆ ತಿರುವಿನಲ್ಲಿ ಇಳಿದು, ಚಪ್ಪಲಿ ಬಿಟ್ಟು, ರಸ್ತೆಯ ಅಂಚಿನಿಂದ ಒಂದು ಹೆಜ್ಜೆ ಕೆಳಗಿಟ್ಟೆ. ನೀರು ಹಿಮ್ಮಡಿ ಮುಟ್ಟಿತು. ಅವಳಿಗೆ ಫೋನ್ ಮಾಡಿ, "ಸರಿಯಾಗೈತೆ, ಬರ್ಕೋ" ಎಂದೆ.