ಹದಿನಾಲ್ಕು ಕೊಡುವ ಗಾಡಿ

ಪಿಕಪ್ ಇಟ್ಟುಕೊಂಡವನ ಹತ್ತಿರ ಅವನ ವಯಸ್ಸು ಕೇಳಿ, ಕಾಯಿಲೆ ಕೇಳಿ, ಅತ್ತೆಮನೆಯಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆ ಎಂದು ಬೇಕಾದರೂ ಕೇಳಿ, ನಿಜ ಹೇಳಿಯಾನು. ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಮಾತ್ರ ಕೇಳಬೇಡಿ. "ಮೈಲೇಜ್ ಯಾವನಿಗೆ ಬೇಕು ಸ್ವಾಮಿ? ಪಿಕಪ್ ಅಂದಮೇಲೆ ಎಳೆಯೋ ತಾಕತ್ತು ಮುಖ್ಯ" ಎಂದು ಮೊದಲು ಕೈ ಕೊಡವುತ್ತಾನೆ. ಆಮೇಲೆ ಅತ್ತಿತ್ತ ನೋಡಿ, ಯಾರೂ ಬಲವಂತ ಮಾಡದಿದ್ದರೂ, ತಾನೇ ಒಂದು ಸಂಖ್ಯೆ ಹೇಳುತ್ತಾನೆ. ಆ ಸಂಖ್ಯೆಯನ್ನು ನಂಬಿದವರು ಕೆಟ್ಟರು.

ಟೈಲರಮ್ಮನ ಗಂಡ ಹೇಳುತ್ತಿದ್ದ ಸಂಖ್ಯೆ ಹದಿನಾಲ್ಕು. ಅವಳು ಅದನ್ನು ನಂಬಿದ್ದಳು.

ಟೈಲರಮ್ಮ ಎಂದರೆ ದೊಡ್ಡ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನ ಎದುರಿಗೆ, ಒಂದೇ ಬಾಗಿಲಿನ ಇಕ್ಕಟ್ಟಾದ ಕೋಣೆಯಲ್ಲಿ ಹೊಲಿಯುತ್ತಾ ಕೂತವಳು. ಗೋಡೆಗೆ ಶಾಲೆ ಮಕ್ಕಳ ಯೂನಿಫಾರಂ, ಮೂಲೆಯಲ್ಲಿ ಇಸ್ತ್ರಿ ಮೇಜು, ಕಾಲಡಿಯಲ್ಲಿ ಬಣ್ಣಬಣ್ಣದ ಚೂರುಬಟ್ಟೆ. ಮನುಷ್ಯ ಬಾಗಿಲಲ್ಲಿ ನಿಂತರೆ ಸಾಕು, ಟೇಪ್ ಹಿಡಿಯದೆ ಅವನಿಗೆಷ್ಟು ಬಟ್ಟೆ ಬೇಕೆಂದು ಹೇಳುತ್ತಿದ್ದಳು. ಲೆಕ್ಕ ತಪ್ಪಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಟ್ಟೆ ಕಡಿಮೆ ಬಿತ್ತು ಅಂದರೆ ಯಾರೋ ಕತ್ತರಿಸಿಕೊಂಡಿದ್ದಾರೆ ಅಂತಲೇ ಅರ್ಥ, ಬಟ್ಟೆ ತಾನಾಗಿ ಆವಿಯಾಗುವುದಿಲ್ಲ ಎನ್ನುವುದು ಅವಳ ಸಿದ್ಧಾಂತ.

ಇನ್ನೊಂದು ಗುಣವೂ ಅವಳಿಗಿತ್ತು. ಹೊಟ್ಟೆಕಿಚ್ಚು. ಅದು ಹುಟ್ಟಿನಿಂದಲೇ ಬಂದದ್ದು. ತಮ್ಮ ಹುಟ್ಟಿದಾಗ ತೊಟ್ಟಿಲಿನ ಪಕ್ಕ ನಿಂತು, "ಇದನ್ನ ಯಾವಾಗ ವಾಪಸ್ ಕೊಡ್ತೀರಿ?" ಎಂದು ಕೇಳಿದವಳು. ಹಿಂದಿನ ಬೀದಿಯ ಟೈಲರ್ ಅಂಗಡಿಗೆ ಹೊಸ ಬೋರ್ಡು ಬಂದರೆ ಇವಳಿಗೆ ವಾರವೆಲ್ಲ ತಲೆನೋವು. ಆದರೆ ಅವಳು ಕದ್ದುಮುಚ್ಚಿ ಉರಿಯುವವಳಲ್ಲ. "ಹೌದು, ನನಗೆ ಹೊಟ್ಟೆಕಿಚ್ಚು. ಏನೀಗ?" ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಅಂಥವಳನ್ನು ಕಟ್ಟಿಕೊಂಡ ಗಂಡಸು ಹುಷಾರಾಗಿರಬೇಕೋ ಬೇಡವೋ, ನೀವೇ ಹೇಳಿ.

ಗಂಡನನ್ನು ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಎಲ್ಲರೂ ದೊರೆ ಎನ್ನುತ್ತಿದ್ದರು. ಬಹಳ ವರ್ಷ ಇನ್ನೊಬ್ಬರ ಗಾಡಿ ಓಡಿಸಿ, ಕೊನೆಗೆ ಒಂದು ಹಳೆಯ ನೀಲಿ ಪಿಕಪ್ ಕೊಂಡಿದ್ದ. ಅಗಲ ಎದೆ, ಉದ್ದ ಮೂತಿ, ಸ್ಟಾರ್ಟ್ ಮಾಡಿದರೆ ಅಕ್ಕಪಕ್ಕದ ಮನೆಯ ಪಾತ್ರೆಗಳೆಲ್ಲ ನಡುಗಬೇಕು, ಅಂಥ ಗಾಡಿ. ಕೊಳ್ಳುವ ಮುಂಚೆ ಹೆಂಡತಿಯ ತಮ್ಮ ಹೇಳಿದ್ದ: "ಭಾವ, ಇದು ಬಿಳಿ ಆನೆ. ಕುಡಿದು ಕುಡಿದು ನಿಮ್ಮನ್ನ ಮುಳುಗಿಸುತ್ತೆ. ನನ್ನ ಹಾಗೆ ಚಿಕ್ಕದೊಂದು ತಗೊಳ್ಳಿ." ತಮ್ಮನೂ ಅದೇ ಸ್ಟ್ಯಾಂಡಿನಲ್ಲಿ ಒಂದು ಪುಟ್ಟ ಪಿಕಪ್ ಓಡಿಸುತ್ತಿದ್ದ. ದೊರೆ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಗಾಡಿ ತಂದ ಮೊದಲ ವಾರ ಸ್ಟ್ಯಾಂಡಿನವರೆಲ್ಲ ಸುತ್ತ ನಿಂತು "ಎಷ್ಟು ಕೊಡ್ತು?" ಎಂದಾಗ, ಭಾಮೈದನ ಮುಖ ನೋಡುತ್ತಾ "ಹದಿನಾಲ್ಕು" ಅಂದುಬಿಟ್ಟ. ಭಾಮೈದನ ಮುಂದೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡ ಭಾವ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಗಾಡಿಯ ಕಿಲೋಮೀಟರ್ ಮೀಟರ್ ಮೊದಲೇ ಕೆಟ್ಟು ನಿಂತಿತ್ತು, ಹಾಗಾಗಿ ಸಾಕ್ಷಿಯೂ ಇರಲಿಲ್ಲ.

ಟೈಲರಮ್ಮನಿಗೆ ಆ ಗಾಡಿಯನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನು ಅದನ್ನು ರಾಣಿ ಎನ್ನುತ್ತಿದ್ದ. ಬೆಳಗ್ಗೆ ಎದ್ದವನು ಹೆಂಡತಿಯ ಮುಖ ನೋಡುವ ಮುಂಚೆ ಕಿಟಕಿಯಿಂದ ರಾಣಿಯ ಮುಖ ನೋಡಬೇಕು. ಎಂಜಿನ್ನಿನಲ್ಲಿ ಒಂದು ಸಣ್ಣ ಕಿರ್ ಶಬ್ದ ಬಂದರೆ ಅವನಿಗೆ ಬೀದಿಯಾಚೆಯಿಂದ ಕೇಳಿಸುತ್ತಿತ್ತು. ಹೆಂಡತಿ ಪಕ್ಕದಲ್ಲೇ ಮಲಗಿ ಕೆಮ್ಮಿದರೆ ಕೇಳಿಸುತ್ತಿರಲಿಲ್ಲ. ಸೀಟಿಗೆ ಕವರ್ ಹೊಲಿದುಕೊಟ್ಟವಳು ಅವಳೇ. ಹೊಲಿಯುವಾಗ ಸೂಜಿ ಸೂಜಿಗೂ ಶಪಿಸಿದ್ದಳು. "ನಂಗೊಂದು ಸವತಿ ತಂದಿದ್ದೀರಿ, ಅವಳಿಗೆ ಬಟ್ಟೆ ಹೊಲಿಯೋ ಕೆಲಸಾನೂ ನಂದೇ" ಎಂದು ಗೊಣಗಿದರೆ ಅವನು ನಗುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ವರ್ಷ ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸ ತಣ್ಣಗಾಯಿತು. ದೊರೆಗೆ ಕಾಯಂ ಬಾಡಿಗೆ ಸಿಗುತ್ತಿದ್ದದ್ದು ಅಲ್ಲಿಂದಲೇ. ಮಂಚ, ಬೀರು, ಊಟದ ಮೇಜು ಹೊತ್ತು ಓಡಾಡುವ ಟ್ರಿಪ್ಪುಗಳು ಕಡಿಮೆಯಾದವು. ಮೊದಲು ದೂರದ ಟ್ರಿಪ್ಪಿನ ದಾರಿಯಲ್ಲೂ ಡೀಸೆಲ್ ಹಾಕಿಸುತ್ತಿದ್ದವನು ಈಗ ಊರಿನ ಬಂಕಿನಲ್ಲಿ ಮಾತ್ರ ಹಾಕಿಸತೊಡಗಿದ. ಎಲ್ಲೆಲ್ಲಿಗೆ ಹೋಗಿದ್ದೆ ಎಂದು ಅವನು ಊಟಕ್ಕೆ ಕೂತಾಗ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು. ಆದರೆ ಪ್ರತಿ ಸೋಮವಾರ, ಅವಳ ಅಂಗಡಿಯ ಎದುರಿಗೇ, ಅವಳ ಕಣ್ಣ ಮುಂದೆಯೇ, ರಾಣಿ ಬಂಕಿಗೆ ಬಂದು ಮೊದಲಿನ ಹಾಗೇ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಿದ್ದಳು.

ಟೈಲರಮ್ಮ ಕಾಲರ್ ಹೊಲಿಯುತ್ತಾ ಲೆಕ್ಕ ಹಾಕಿದಳು. ಅಷ್ಟು ಡೀಸೆಲ್ಲಿಗೆ, ಹದಿನಾಲ್ಕರ ಪ್ರಕಾರ, ಇಷ್ಟು ದೂರ ಓಡಬೇಕು. ಓಡಿದ್ದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದೆಲ್ಲಿ ಹೋಯಿತು? ಸೂಜಿ ನಿಂತಿತು. ಬಟ್ಟೆ ತಾನಾಗಿ ಆವಿಯಾಗುವುದಿಲ್ಲ, ಡೀಸೆಲ್ಲೂ ಆವಿಯಾಗುವುದಿಲ್ಲ. ಈ ಮನುಷ್ಯ ತನಗೆ ಹೇಳದೆ ಎಲ್ಲಿಗೋ ಹೋಗಿ ಬರುತ್ತಿದ್ದಾನೆ.

ಆ ದಿನ ಊಟಕ್ಕೆ ಬಡಿಸುತ್ತಾ ಕೇಳಿದಳು. "ರೀ, ಗಾಡಿ ನಿಜವಾಗ್ಲೂ ಹದಿನಾಲ್ಕು ಕೊಡುತ್ತಾ?"

"ಹದಿನಾಲ್ಕು ಅಂದ್ರೆ ಹದಿನಾಲ್ಕು. ಖಾಲಿ ಹೋದ್ರೆ ಹದಿನೈದೂ ಕೊಡುತ್ತೆ" ಎಂದ ದೊರೆ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದು ಅಂದರೆ ಇದೇ.

"ಹಾಗಾದ್ರೆ ಮಿಕ್ಕಿದ ಡೀಸೆಲ್ ಯಾವಳ ಮನೆ ಬಾಗಿಲಿಗೆ ಸುರಿದು ಬರ್ತಿದ್ದೀರಿ?"

ಲೆಕ್ಕ ಎಲ್ಲಿಗೆ ಬಂದು ನಿಂತಿದೆ ಎಂದು ದೊರೆಗೆ ಅರ್ಥವಾಯಿತು. ಒಂದೇ ಒಂದು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಅವನು "ಏನೇನೋ ಮಾತಾಡಬೇಡ" ಎಂದು ಕೈ ತೊಳೆಯಲು ಎದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಾಣಿಸಿತು ಅವಳಿಗೆ.

ಅಲ್ಲಿಂದ ಶುರುವಾಯಿತು ನೋಡಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಒಂದು ಸಂಜೆ ಅವನ ಅಂಗಿಯ ಮೇಲೆ ಹತ್ತಿಯ ಎಳೆ ಸಿಕ್ಕಿತು. ಹತ್ತಿ ಎಲ್ಲಿಂದ ಬಂತು? ಅವನು ಆಗೊಮ್ಮೆ ಈಗೊಮ್ಮೆ ಬಾಡಿಗೆಗೆ ಹೋಗುತ್ತಿದ್ದ ಬೈಪಾಸ್ ರಸ್ತೆಯ ಹಾಸಿಗೆ ಅಂಗಡಿಯಿಂದ. ಅಂಗಡಿ ನಡೆಸುವುದು ಯಾರು? ಒಬ್ಬಳು ಹೆಂಗಸು. ದೊರೆ ಹಿಂದೊಮ್ಮೆ, "ಆಯಮ್ಮ ನಕ್ಕರೆ ರಸ್ತೆ ತನಕ ಕೇಳಿಸುತ್ತೆ" ಎಂದು ಹೇಳಿದ್ದ. ಅಯ್ಯೋ, ಬೇರೆ ಅಂಗಡಿ ಸಿಗಲಿಲ್ಲವೇ ಇವನಿಗೆ? ಬಕೆಟ್ ಮಾರುವವಳಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಹಾಸಿಗೆ!

ಅವಳಿಗೆ ನಿದ್ದೆ ಬಾರದಾಯಿತು. ಹೊಲಿಗೆ ತಪ್ಪತೊಡಗಿತು, ಒಬ್ಬರ ತೋಳು ಇನ್ನೊಬ್ಬರ ಅಂಗಿಗೆ ಸೇರಿತು. ನಗುವ ಹೆಂಗಸರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅತ್ತಳು, ಬೈದಳು, ಮಾತು ಬಿಟ್ಟಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಇದು ಉಂಡು ಮಲಗಿ ಎದ್ದ ಮೇಲೂ ಹಾಗೇ ಇರುತ್ತಿತ್ತು. "ನಿನ್ನಾಣೆ, ಯಾರೂ ಇಲ್ಲ ಕಣೇ" ಎನ್ನುತ್ತಿದ್ದ ದೊರೆ. "ಹಾಗಾದ್ರೆ ಡೀಸೆಲ್?" ಎಂದರೆ ಒರೆಸುವ ಬಟ್ಟೆ ಎತ್ತಿಕೊಂಡು ರಾಣಿಯ ಹತ್ತಿರ ಹೋಗುತ್ತಿದ್ದ.

ಕೊನೆಗೆ ಅವಳು ಹೊಲಿಗೆ ಮಿಷನ್ನಿಗೆ ಹಳೆಯ ದುಪ್ಪಟಿ ಸುತ್ತಿ ಹಗ್ಗ ಬಿಗಿದಳು. ಭಾನುವಾರ ತಮ್ಮ ತನ್ನ ಗಾಡಿ ತರುತ್ತಾನೆ, ಮಿಷನ್ನೂ ತಾನೂ ಅವನ ಮನೆಗೆ ಹೋಗುವುದು ಎಂದು ಹೇಳಿದಳು. ದೊರೆ ಆ ಮಿಷನ್ನಿನ ಕಟ್ಟಿನ ಮುಂದೆ ಬಂದು ನಿಂತ.

"ನೀನು ಏನಾದ್ರೂ ಅಂದ್ಕೋ. ಗಾಡಿ ಮಾತ್ರ ಹದಿನಾಲ್ಕೇ ಕೊಡೋದು" ಎಂದು ಹೊರಗೆ ಹೋದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಅನ್ನುವ ಜಾತಿ.

ಭಾನುವಾರ ಬೆಳಗ್ಗೆ ಟೈಲರಮ್ಮ ಬಸ್ಸು ಹತ್ತಿ ಬೈಪಾಸ್ ರಸ್ತೆಗೆ ಹೋದಳು. ಬಿಟ್ಟು ಹೋಗುವುದು ಹೇಗೂ ಖಚಿತ, ತನ್ನನ್ನು ಸೋಲಿಸಿದವಳ ಮುಖ ಒಮ್ಮೆ ನೋಡಿ ಹೋಗುವ ಎಂದು. ಅಂಗಡಿಯ ಒಳಗೆ ಸೂರು ಮುಟ್ಟುವ ಹಾಗೆ ಹಾಸಿಗೆ ಪೇರಿಸಿತ್ತು. ನಡುವೆ ಒಂದು ಕುರ್ಚಿಯಲ್ಲಿ ದಪ್ಪನೆಯ, ಲಕ್ಷಣವಾದ ಹೆಂಗಸು ಕೂತು ಟೀ ಕುಡಿಯುತ್ತಿದ್ದಳು. ಹಲ್ಲಿನ ಸಾಲು ಚೆನ್ನಾಗಿತ್ತು. ಅದೂ ಹೊಟ್ಟೆ ಉರಿಸಿತು.

"ದಿಂಬು ತೋರಿಸಿ" ಎಂದಳು ಟೈಲರಮ್ಮ. ನಾಲ್ಕು ದಿಂಬು ಹಿಸುಕಿ ನೋಡಿದ ಮೇಲೆ ಕೇಳಿದಳು, "ಸಾಮಾನು ಮನೆಗೆ ತಲುಪಿಸೋಕೆ ಗಾಡಿ ಇದೆಯಾ? ಯಾರೋ ದೊಡ್ಡ ನೀಲಿ ಪಿಕಪ್‌ನವರು ಬರ್ತಾರಂತಲ್ಲ?"

"ದೊರೇನಾ? ಅಯ್ಯೋ, ಅವರನ್ನ ಕರೆಯೋದೇ ಕಡಿಮೆ ಮಾಡಿದ್ದೀನಿ ಅಕ್ಕ. ತಿಂಗಳಿಗೊಂದು ಸಲ ಬಂದ್ರೆ ಹೆಚ್ಚು. ಮನುಷ್ಯ ಚಿನ್ನ, ಹಾಸಿಗೆಗೆ ಒಂದು ಚೂರು ಧೂಳು ತಾಗಿಸಲ್ಲ. ಆದ್ರೆ ಅವರ ಗಾಡಿ ಇದೆಯಲ್ಲ, ಅದು ಬಕಾಸುರ! ಲೀಟರಿಗೆ ಎಂಟು!" ಅವಳು ನಕ್ಕಳು, ರಸ್ತೆ ತನಕ ಕೇಳಿಸುವ ಹಾಗೆ. "ನಾನು ಹೇಳ್ತಿರೋದಲ್ಲ ಮತ್ತೆ. ಅವರೇ ಇಲ್ಲಿ ಕೂತು ಹೇಳಿದ್ರು. 'ಎಂಟೇ ಕೊಡೋದು ಅಕ್ಕಾ, ಲೋಡ್ ಇದ್ರೆ ಅದೂ ಇಲ್ಲ, ಸ್ವಲ್ಪ ನೋಡಿ ಬಾಡಿಗೆ ಕೊಡಿ' ಅಂತ. ಅಳೋದೊಂದು ಬಾಕಿ."

ಎಂಟು! ಟೈಲರಮ್ಮ ದಿಂಬು ಹಿಡಿದುಕೊಂಡೇ ಲೆಕ್ಕ ಹಾಕಿದಳು. ಎಂಟರ ಪ್ರಕಾರ ಎಲ್ಲವೂ ಸರಿಹೋಯಿತು, ಒಂದು ಚೂರೂ ಉಳಿಯಲಿಲ್ಲ. ಅವನು ಎಲ್ಲಿಗೂ ಹೋಗಿರಲಿಲ್ಲ, ಯಾರೂ ಇರಲಿಲ್ಲ. ಅವಳಿಗೆ ಆ ಹಾಸಿಗೆಗಳ ಮೇಲೆ ಬಿದ್ದು ಹೊರಳಾಡಿ ನಗಬೇಕೆನಿಸಿತು. ಆ ಸಂತೋಷ ಅಂಗಡಿಯ ಮೆಟ್ಟಿಲು ಇಳಿಯುವ ತನಕವೂ ಉಳಿಯಲಿಲ್ಲ. ಇವಳ ಮುಂದೆ ಕೂತು ಹೇಳಿದ್ದಾನೆ! ಹಾಸಿಗೆ ಮಾರುವವಳಿಗೆ ಎಂಟು, ಕಟ್ಟಿಕೊಂಡವಳಿಗೆ ಹದಿನಾಲ್ಕು! "ದಿಂಬು ಬೇಡ" ಎಂದು ತಿರುಗಿ ಕೂಗಿ ಬಸ್ಸು ಹಿಡಿದಳು.

ಸ್ಟ್ಯಾಂಡಿನಲ್ಲಿ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ಅವಳ ತಮ್ಮ ಮಿಷನ್ ಸಾಗಿಸಲು ಹಗ್ಗ ಸುತ್ತುತ್ತಾ, "ಅಕ್ಕ, ಹೊರಡೋಣ್ವಾ?" ಎಂದ. ಅವಳು ನೇರವಾಗಿ ನೀಲಿ ಗಾಡಿ ಹತ್ತಿ ಬಾಗಿಲನ್ನು ಧಡಾರನೆ ಎಳೆದುಕೊಂಡಳು. ಗಾಜು ಒರೆಸುತ್ತಿದ್ದ ದೊರೆ ಬೆಚ್ಚಿದ.

"ನಿಧಾನ ಕಣೇ, ಬಾಗಿಲು..."

"ಹತ್ತಿ ಒಳಗೆ" ಎಂದಳು. ಅವನು ಹತ್ತಿ ಕೂತ. "ಎಷ್ಟು ಕೊಡುತ್ತೆ ಇದು?"

"ಹದಿ..."

"ಹಾಸಿಗೆ ಅಂಗಡಿಗೆ ಹೋಗಿ ಬಂದೆ."

ದೊರೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಎಂಟು" ಎಂದ, ಅವಳಿಗೇ ಸರಿಯಾಗಿ ಕೇಳಿಸದ ಹಾಗೆ.

"ನಾನು ಅತ್ತಿದ್ದು ನೋಡಿದ್ರಿ. ಮಿಷನ್ ಕಟ್ಟಿದ್ದು ನೋಡಿದ್ರಿ. ಒಂದು ಸಲ ಎಂಟು ಅಂದಿದ್ರೆ ನಾನು ನೆಮ್ಮದಿಯಾಗಿ ಮಲಗ್ತಿದ್ದೆ. ಯಾಕ್ರೀ ಹೇಳಲಿಲ್ಲ?"

"ನೀನು ನಿನ್ನ ತಮ್ಮನಿಗೆ ಹೇಳಿಬಿಡ್ತಿದ್ದೆ. ಬೇರೆ ಹೆಂಗಸು ಇದ್ದಾಳೆ ಅಂದ್ರೆ ಈ ಸ್ಟ್ಯಾಂಡಿನವರು ಎರಡು ದಿನ ಆಡ್ಕೊಂಡು ಬಿಡ್ತಾರೆ. ಎಂಟು ಅಂದ್ರೆ ಸಾಯೋ ತನಕ ನಗ್ತಾರೆ."

"ಮತ್ತೆ ಆ ಹಾಸಿಗೆಯವಳಿಗೆ ಹೇಳಿದ್ರಲ್ಲ?"

"ಅವಳ ಹತ್ರ ನನಗೆ ಬೇಕಾಗಿದ್ದು ಬಾಡಿಗೆ. ಮರ್ಯಾದೆ ಬೇಕಾಗಿದ್ದು ನಿನ್ನ ಹತ್ರ."

ಈ ಮಾತು ಅವಳಿಗೆ ಹಿಡಿಸಿತು. ಆದರೆ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. "ಇಳೀರಿ" ಎಂದಳು. "ಎಲ್ಲರ ಮುಂದೆ, ನನ್ನ ತಮ್ಮನ ಮುಂದೆ, ಹೇಳಿ. ಹೇಳಿದ್ರೆ ಮಿಷನ್ನಿನ ಕಟ್ಟು ಬಿಚ್ತೀನಿ. ಗಾಡಿ ಹೆಚ್ಚೋ ನಾನು ಹೆಚ್ಚೋ, ಇವತ್ತೇ ಗೊತ್ತಾಗಲಿ."

ದೊರೆಯ ಮುಖ ಬಿಳಿಚಿಕೊಂಡಿತು. ಆದರೂ ಇಳಿದ. "ನೋಡ್ರಪ್ಪಾ, ನಂದು ಹದಿನಾಲ್ಕಲ್ಲ. ಎಂಟು ಕೊಡೋದು."

ಭಾಮೈದ ಕೇಳಿದ, "ಭಾವ, ಎಂಟು ಲೀಟರಿಗಾ, ಕ್ಯಾನಿಗಾ?" ಅಷ್ಟೇ, ಸ್ಟ್ಯಾಂಡಿಗೆ ಸ್ಟ್ಯಾಂಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕವರಲ್ಲಿ ಒಬ್ಬನೂ ತನ್ನದೆಷ್ಟು ಎಂದು ಬಾಯಿ ಬಿಡಲಿಲ್ಲ. ದೊರೆ ಕಿವಿಯ ತುದಿಯವರೆಗೆ ಕೆಂಪಾಗಿ ನಿಂತಿದ್ದ.

ಒಳಗೆ ಕೂತ ಟೈಲರಮ್ಮನ ಎದೆ ತಣ್ಣಗಾಯಿತು. ನನಗೋಸ್ಕರ, ನನ್ನೊಬ್ಬಳಿಗೋಸ್ಕರ ಈ ಮನುಷ್ಯ ಇಷ್ಟು ಅವಮಾನ ನುಂಗಿದ. "ಏ ತಮ್ಮ, ನೀನು ಹೋಗೋ, ಮಿಷನ್ ಎಲ್ಲೂ ಬರಲ್ಲ" ಎಂದು ಕೂಗಿದಳು. ನಗುತ್ತಲೇ ಎಲ್ಲರೂ ಅವರವರ ಗಾಡಿಗೆ ಹೋದರು. ಅವಳು ಗಂಡನಿಗೆ ಏನಾದರೂ ಒಳ್ಳೆಯ ಮಾತು ಹೇಳೋಣವೆಂದು ಕಿಟಕಿಯ ಗಾಜು ಇಳಿಸಿದಳು.

ಅವನು ಕಿಟಕಿಯ ಹತ್ತಿರ ಬರಲಿಲ್ಲ. ಗಾಡಿಯ ಮುಂದೆ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದ.

"ತಪ್ಪಾಯ್ತು ಕಣೇ" ಎಂದ. "ಎಲ್ಲರ ಮುಂದೆ ನಿನ್ನ ಮಾನ ಕಳೆದುಬಿಟ್ಟೆ. ಬೇಜಾರು ಮಾಡ್ಕೋಬೇಡ."

ಟೈಲರಮ್ಮ ಕೂತಲ್ಲೇ ಸುಟ್ಟುಹೋದಳು. ಅಷ್ಟು ದಿನ ಅಳಿಸಿ, ನಿದ್ದೆಗೆಡಿಸಿ, ಮನೆ ಬಿಡುವ ತನಕ ತಂದವನು ಅವಳಿಗೆ ಇನ್ನೂ ಒಂದು ಸಲವೂ ತಪ್ಪಾಯ್ತು ಅಂದಿರಲಿಲ್ಲ.